ಗೆರೆಯೊಳಗಿನ ಬಣ್ಣ



ಬೆಳಗ್ಗೆ ಮನೆಯ ಮುಂದೆ ರಂಗೋಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಬಿಳಿ ಪುಡಿಯ ಗೆರೆ, ಆಮೇಲೆ ಅದರೊಳಗೆ ಬಣ್ಣ. ಗೆರೆ ಎಲ್ಲೋ ಒಂದು ಕಡೆ ಕೂಡದೆ ಉಳಿದಿದ್ದರೂ ಹಾಕುವವರ ಕೈ ಅದನ್ನು ಊಹಿಸಿಕೊಂಡು ಬಣ್ಣವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಕಂಪ್ಯೂಟರಿಗೆ ಈ ಊಹೆ ಬಾರದು. ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ಬರೆಯುವವರು ಗೆರೆಗಳ ನಡುವೆ ತುಂಬುವ ಬಣ್ಣ ಮತ್ತು ಓರೆಗೆರೆಗಳ ವಿಚಾರವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಓರೆಗೆರೆಗಳನ್ನು ತುಂಬುವುದಕ್ಕೆ ಆ ವೃತ್ತಿಯವರು ‘ಹ್ಯಾಚ್’ ಎನ್ನುತ್ತಾರೆ. ನಾನು ಓದಿದ್ದು ಬಿ.ಎಸ್ಸಿ., ಎಂಜಿನಿಯರಿಂಗ್ ಅಲ್ಲ. ಆದ್ದರಿಂದ ಹೊರಗಿನವನ ಕುತೂಹಲದಿಂದಲೇ ಇದನ್ನು ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಚಿತ್ರೀಕರಣಕ್ಕಾಗಿ ಬೆಂಗಳೂರಿನ ಜಯನಗರದಲ್ಲಿ ನಕ್ಷೆ ಬರೆದುಕೊಡುವ ಪುಟ್ಟ ಕಚೇರಿಯೊಂದಕ್ಕೆ ಹೋಗಿದ್ದೆ. ಜಯನಗರ 1948ರಲ್ಲಿ ಅಸ್ತಿಭಾರ ಕಂಡ ಬಡಾವಣೆ. ಅಲ್ಲಿನ ಮೊದಲ ತಲೆಮಾರಿನ ಮನೆಗಳನ್ನು ಒಂದೊಂದಾಗಿ ಕೆಡವಿ ಹೊಸದಾಗಿ ಕಟ್ಟುವ ಕೆಲಸ ಎಷ್ಟೋ ವರ್ಷಗಳಿಂದ ನಡೆದಿದೆ. ಅಂದು ಮೇಜಿನ ಮೇಲಿದ್ದದ್ದೂ ಅಂಥದೇ ಒಂದು ಮನೆಯ ನಕ್ಷೆ. 40×60 ಅಡಿಯ ನಿವೇಶನ. ಹಿಂಭಾಗವನ್ನೆಲ್ಲ ಕೆಡವಿ ಹೊಸದಾಗಿ ಕಟ್ಟುವುದು, ಮುಂದಿನ ಜಗುಲಿಯನ್ನೂ ಅದಕ್ಕೆ ಸೇರಿದ ಅಜ್ಜಿಯ ಕೋಣೆಯನ್ನೂ ಹಾಗೆಯೇ ಉಳಿಸಿಕೊಳ್ಳುವುದು ಎಂದು ಮನೆಯವರಲ್ಲಿ ತೀರ್ಮಾನವಾಗಿತ್ತು.

ಮಗನ ಜೊತೆ ಅಜ್ಜಿಯೂ ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗನನ್ನು ಕೇಳಿದರು: “ಏನಪ್ಪಾ, ನನ್ನ ಕೋಣೆಗೂ ಹಳದಿ ಗೆರೆ ಎಳೆದಿದ್ದೀಯಲ್ಲ, ಹಳದಿ ಅಂದ್ರೆ ಏನು?”

ಹುಡುಗ ತಡವರಿಸಿದ. ಹಳದಿ ಓರೆಗೆರೆ ಎಂದರೆ ಕೆಡವಬೇಕಾದ ಭಾಗ. ಇದು ಅವನ ಇಷ್ಟದ ಬಣ್ಣವಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ನಕ್ಷೆಯ ಬಣ್ಣಗಳಿಗೊಂದು ಪಟ್ಟಿಯಿದೆ. ಇರುವ ಕಟ್ಟಡಕ್ಕೆ ಕಪ್ಪು ಹೊರಗೆರೆ, ಕೆಡವುವುದಕ್ಕೆ ಹಳದಿ ಹ್ಯಾಚ್, ಹೊಸದಾಗಿ ಕಟ್ಟುವುದಕ್ಕೆ ಕೆಂಪು. ಕೆಡವುವವರ ಕೈಗೆ ಈ ಹಾಳೆ ಹೋಗಿದ್ದರೆ ಅವರು ಅಜ್ಜಿಯನ್ನು ಕೇಳುತ್ತಿರಲಿಲ್ಲ, ಹಾಳೆಯನ್ನು ನೋಡುತ್ತಿದ್ದರು.

“ಕಂಪ್ಯೂಟರ್ ತಪ್ಪು ಮಾಡಿದೆ ಅಜ್ಜಿ” ಎಂದ ಹುಡುಗ. ಪರದೆಯ ಮೇಲೆ ಆ ಜಾಗವನ್ನು ಹಿಗ್ಗಿಸಿ ನೋಡಿದಾಗ ನಿಜ ಹೊರಬಿತ್ತು. ಅಜ್ಜಿಯ ಕೋಣೆಗೂ ನಡುಮನೆಗೂ ಮಧ್ಯದ ಗೋಡೆಯ ಗೆರೆ ಮೂಲೆಯವರೆಗೆ ಮುಟ್ಟಿರಲಿಲ್ಲ. ಎರಡು ಮಿಲಿಮೀಟರಿನಷ್ಟು ಬಿರುಕು. ನೂರರಲ್ಲಿ ಒಂದಂಶಕ್ಕೆ ಇಳಿಸಿದ ಹಾಳೆಯಲ್ಲಿ ಅದು ಯಾರ ಕಣ್ಣಿಗೂ ಕಾಣದು. ಹುಡುಗ ನಡುಮನೆಯೊಳಗೆ ಒಂದು ಬಿಂದು ತೋರಿಸಿ ‘ಇಲ್ಲಿ ತುಂಬು’ ಎಂದಿದ್ದ. ಕಂಪ್ಯೂಟರು ಆ ಬಿಂದುವನ್ನು ಸುತ್ತುವರಿದ ಗೆರೆಗಳನ್ನು ಹುಡುಕುತ್ತ ಹೋಗಿ, ಗೋಡೆ ತೆರೆದಿದ್ದಲ್ಲಿ ಎರಡು ಕೋಣೆಗಳನ್ನೂ ಒಂದೇ ಎಂದುಕೊಂಡಿತು. ಅದರ ಲೆಕ್ಕದಲ್ಲಿ ಅದು ಸರಿಯೇ. ಹೊರಗೋಡೆಯಲ್ಲೇ ಬಿರುಕಿದ್ದರೆ ಅದು ತುಂಬಲು ನಿರಾಕರಿಸಿ ಸೀಮೆ ಸಿಗಲಿಲ್ಲವೆಂದು ತಿಳಿಸುತ್ತದೆ. ಒಳಗೋಡೆಯ ಬಿರುಕಿಗೆ ಯಾವ ಎಚ್ಚರಿಕೆಯೂ ಬರದು. ಅಪಾಯವಿರುವುದು ಇಲ್ಲೇ.

ಚಿಕ್ಕ ಬಿರುಕುಗಳನ್ನು ಮುಚ್ಚಿದಂತೆ ಭಾವಿಸಿಕೋ ಎಂದು ಹೇಳುವ ‘ಗ್ಯಾಪ್ ಟಾಲರೆನ್ಸ್’ ಎಂಬ ಅನುಕೂಲ ಆಟೋಕ್ಯಾಡ್‌ನಂಥ ತಂತ್ರಾಂಶಗಳಲ್ಲಿ ಈಗ ಇದೆ. ನನ್ನ ಕೇಳಿದರೆ, ಅದನ್ನು ನಂಬುವುದಕ್ಕಿಂತ ಗೆರೆಯನ್ನು ಮೂಲೆಗೆ ಮುಟ್ಟಿಸುವುದೇ ಲೇಸು.

ಹಾಗಾದರೆ ಒಂದು ಬಿಂದು ಒಳಗಿದೆಯೋ ಹೊರಗಿದೆಯೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇದಕ್ಕೊಂದು ಸೊಗಸಾದ ಗಣಿತವಿದೆ. ಕಾಗದದ ಮೇಲೆ ಎಷ್ಟೇ ಸುತ್ತುಬಳಸಿನ, ಆದರೆ ತನ್ನನ್ನು ತಾನು ಕತ್ತರಿಸದ, ಮುಚ್ಚಿದ ಗೆರೆಯೊಂದನ್ನು ಬರೆಯಿರಿ. ನಡುವೆ ಒಂದು ಚುಕ್ಕೆ ಇಡಿ. ಚುಕ್ಕೆಯಿಂದ ಕಾಗದದ ಅಂಚಿನವರೆಗೆ ನೇರಗೆರೆ ಎಳೆದು, ಅದು ನಿಮ್ಮ ಸುತ್ತುಗೆರೆಯನ್ನು ಎಷ್ಟು ಸಲ ದಾಟಿತೆಂದು ಎಣಿಸಿ. ಬೆಸಸಂಖ್ಯೆ ಬಂದರೆ ಚುಕ್ಕೆ ಒಳಗೆ, ಸಮಸಂಖ್ಯೆ ಬಂದರೆ ಹೊರಗೆ. ಒಂದರೊಳಗೊಂದು ಚೌಕಗಳಿದ್ದಾಗ ಹೊರಗಿನ ಪಟ್ಟಿಗೆ ಹ್ಯಾಚ್, ಮುಂದಿನದಕ್ಕೆ ಖಾಲಿ, ಅದರೊಳಗಿನದಕ್ಕೆ ಮತ್ತೆ ಹ್ಯಾಚ್ ಬರುವುದೂ ಇದೇ ಲೆಕ್ಕದಿಂದ.

ಓರೆಗೆರೆಯ ಈ ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ನಕ್ಷೆಗೆ ಕುಂಚದಿಂದ ನೀರುಬಣ್ಣ ಬಳಿಯುತ್ತಿದ್ದರು. 1842ರಲ್ಲಿ ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ಬೆಳಕಿನಿಂದ ನೀಲಿ ಪ್ರತಿ ತೆಗೆಯುವ ವಿಧಾನವನ್ನು ಕಂಡುಹಿಡಿದರು. ಮುಂದೆ ನಕ್ಷೆಗಳ ಪ್ರತಿಗಳನ್ನೆಲ್ಲ ಹಾಗೆಯೇ ತೆಗೆಯತೊಡಗಿದರು. ನಾವು ಮಾತುಮಾತಿಗೆ ಬಳಸುವ ‘ನೀಲನಕ್ಷೆ’ಯ ಮೂಲ ಇದೇ. ನೀಲಿಯ ಮೇಲೆ ಬಿಳಿ ಗೆರೆ ಮಾತ್ರ ಮೂಡುವಾಗ ಕೆಂಪು, ಹಳದಿಗಳಿಗೆ ಜಾಗವೆಲ್ಲಿ? ಬಣ್ಣ ಹೇಳುತ್ತಿದ್ದುದನ್ನು ಗೆರೆಗಳೇ ಹೇಳಬೇಕಾಯಿತು. ಆಮೇಲೆ ಬಂದ ಅಮೋನಿಯಾ ಪ್ರಿಂಟಿನ ಕಥೆಯೂ ಅದೇ. ಆ ಅಂಗಡಿಗಳ ಮುಂದೆ ಹಾದುಹೋದವರಿಗೆ ಮೂಗು ಚುರುಗುಟ್ಟಿದ ನೆನಪು ಈಗಲೂ ಇರಬಹುದು.

ಇನ್ನು ಅಳತೆಯ ಮಾತು. ಆಟೋಕ್ಯಾಡ್ 1982ರಲ್ಲಿ ಬಂತು. ಅದರಲ್ಲಿರುವ ‘ಆನ್ಸಿ 31’ ಎಂಬ ಮಾದರಿ 45 ಡಿಗ್ರಿ ಓರೆಯ ಸಮಾನಾಂತರ ಗೆರೆಗಳದ್ದು. ಮಿಲಿಮೀಟರ್ ಲೆಕ್ಕದ ನಕ್ಷೆಯಲ್ಲಿ ಎರಡು ಗೆರೆಗಳ ನಡುವಿನ ಅಂತರ 3.175. ಅಜ್ಜಿಯ 40×60 ಅಡಿ ನಿವೇಶನ ಎಂದರೆ 12,192×18,288 ಮಿಲಿಮೀಟರು. ಅಳತೆ ಬದಲಿಸದೆ ಇಡೀ ನಿವೇಶನಕ್ಕೆ ಹ್ಯಾಚ್ ತುಂಬಿದರೆ ಸುಮಾರು 6,800 ಗೆರೆಗಳು ಬೇಕು. ನೂರರಲ್ಲಿ ಒಂದಕ್ಕೆ ಇಳಿಸಿ ಮುದ್ರಿಸಿದಾಗ ಅವುಗಳ ನಡುವೆ ಉಳಿಯುವುದು 0.03 ಮಿಲಿಮೀಟರು; ಕಾಣುವುದು ಗೆರೆಯಲ್ಲ, ಮಸಿ. ಹ್ಯಾಚಿನ ಅಳತೆಯನ್ನು 100 ಎಂದು ಕೊಟ್ಟರೆ ಗೆರೆಗಳು ಸುಮಾರು 68ಕ್ಕೆ ಇಳಿದು ಹಾಳೆಯ ಮೇಲೆ ಹಿತವಾಗಿ ಕೂರುತ್ತವೆ.

ನಮ್ಮ ದೂರದರ್ಶನದವರಿಗೂ ಈ ತೊಂದರೆ ಗೊತ್ತು. ಸಣ್ಣ ಗೆರೆಯ ಅಂಗಿ ತೊಟ್ಟು ಬರಬೇಡಿ ಎಂದು ಅತಿಥಿಗಳಿಗೆ ಮೊದಲೇ ಹೇಳುತ್ತೇವೆ. ಅಂಗಿಯ ಗೆರೆಗಳೂ ಕ್ಯಾಮೆರಾ ಚಿತ್ರವನ್ನು ಬಿಡಿಸಿಕೊಳ್ಳುವ ಸಾಲುಗಳೂ ಒಂದರ ಮೇಲೊಂದು ಕೂತು, ಇಲ್ಲದ ಅಲೆಗಳು ಪರದೆಯ ಮೇಲೆ ನಲಿಯತೊಡಗುತ್ತವೆ. ಅಂದು ನಾವು ತೆಗೆದ ನಕ್ಷೆಯ ದೃಶ್ಯದಲ್ಲೂ ಹ್ಯಾಚ್ ಹೀಗೇ ಕುಣಿದು, ಕ್ಯಾಮೆರಾವನ್ನು ಹತ್ತಿರ ಒಯ್ದು ಮತ್ತೆ ತೆಗೆಯಬೇಕಾಯಿತು.

ಓರೆಗೆರೆಗೆ ಸಲ್ಲುವ ಈ ಎಚ್ಚರ ತುಂಬುಬಣ್ಣಕ್ಕೂ ಸಲ್ಲುತ್ತದೆ. ಒಂದು ಮನೆಯಿಂದ ಇಡೀ ಊರಿಗೆ ಬನ್ನಿ. 2007ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರ ನಕ್ಷೆಗಳನ್ನು ನೋಡಿ. ಅಲ್ಲಿ ಹಳದಿ ಎಂದರೆ ವಾಸದ ಪ್ರದೇಶ, ಕೆಡವುವ ಮಾತೇ ಇಲ್ಲ. ಕೆಂಪು ಸಾರ್ವಜನಿಕ ಸಂಸ್ಥೆಗಳದ್ದು, ನೇರಳೆ ಕೈಗಾರಿಕೆಯದ್ದು, ಹಸಿರು ಉದ್ಯಾನದ್ದು. ನೀಲಿ? ಶಾಲೆಯ ಭೂಪಟದಲ್ಲಿ ನೀಲಿ ನೀರಿನದು. ಇಲ್ಲಿ ಅದು ವಾಣಿಜ್ಯದ್ದು. ಬಿ.ಟಿ.ಎಂ. ಬಡಾವಣೆಯ ವಿದ್ಯಾರ್ಥಿಯೊಬ್ಬ ಸೂಚಿಯನ್ನು ನೋಡದೆ ಈ ನಕ್ಷೆ ಓದಿದರೆ ಅಂಗಡಿ ಬೀದಿಯನ್ನು ಮಡಿವಾಳ ಕೆರೆಯ ಕೋಡಿ ಎಂದುಕೊಂಡಾನು! ಬಣ್ಣಕ್ಕೆ ಸ್ವಂತ ಅರ್ಥವಿಲ್ಲ, ಹಾಳೆಯ ಮೂಲೆಯ ಸೂಚಿ ಕೊಟ್ಟದ್ದೇ ಅರ್ಥ. ಆ ಅರ್ಥದ ಮೇಲೆ ಒಂದು ಜಾಗದಲ್ಲಿ ಮನೆ ಕಟ್ಟಬಹುದೋ, ಅಂಗಡಿ ತೆರೆಯಬಹುದೋ, ಅದು ಮಕ್ಕಳ ಆಟಕ್ಕೆ ಉಳಿಯುವುದೋ ಎಂಬುದು ನಿಂತಿರುತ್ತದೆ.

ಡ್ರಾಯಿಂಗ್ ಕಲಿಯುವವರಿಗೆ ಇನ್ನೊಂದು ಮಾತು. ಛೇದನೋಟದಲ್ಲಿ ಅಕ್ಕಪಕ್ಕದ ಎರಡು ಭಾಗಗಳಿಗೆ ಒಂದೇ ದಿಕ್ಕಿನ, ಒಂದೇ ಅಂತರದ ಹ್ಯಾಚ್ ಹಾಕಬೇಡಿ. ದಿಕ್ಕನ್ನೋ ಅಂತರವನ್ನೋ ಬದಲಿಸಿ. ಇಲ್ಲವಾದರೆ ಎರಡೂ ಒಂದೇ ತುಂಡಿನಂತೆ ಕಾಣುತ್ತವೆ.

ಅಜ್ಜಿಯ ವಿಷಯ ಅರ್ಧಕ್ಕೇ ಬಿಟ್ಟೆ. ಹುಡುಗ ಗೋಡೆಯ ಗೆರೆಯನ್ನು ಮೂಲೆಗೆ ಮುಟ್ಟಿಸಿ, ಹಳೆಯ ಹ್ಯಾಚ್ ಅಳಿಸಿ ಹೊಸದಾಗಿ ತುಂಬಿದ. ಹಳದಿ ನಡುಮನೆಯಲ್ಲೇ ನಿಂತಿತು. ಹೊಸ ಹಾಳೆ ಬಂದಾಗ ಅಜ್ಜಿ ಮೊದಲು ಮೂಲೆಯ ಸೂಚಿಯನ್ನು ಬೆರಳಿಟ್ಟು ಓದಿದರು, ಆಮೇಲೆ ತಮ್ಮ ಕೋಣೆಯನ್ನು ಹುಡುಕಿದರು. “ಈಗ ಸರಿ. ಆದರೂ ಕೆಡವೋ ದಿನ ನಾನು ಜಗುಲಿ ಮೇಲೇ ಕೂತಿರ್ತೀನಿ” ಎಂದರು.