ಮೋಟಾರ್ ಸೈಕಲ್ ಸವಾರ ಮತ್ತು ಮಳೆ



ಪೀಣ್ಯದಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಸಂಜೆ ಪಾಳಿ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಏನಾಗುತ್ತದೆಂದು ನೀವೆಲ್ಲ ನೋಡಿರುತ್ತೀರಿ. ಸ್ಕೂಟರು, ಬೈಕುಗಳೆಲ್ಲ ಹತ್ತಿರದ ಸೇತುವೆಯ ಕೆಳಗೆ ಬಂದು ಸೇರುತ್ತವೆ. ಮೊದಲು ಬಂದವರಿಗೆ ಕಂಬದ ಪಕ್ಕ ಜಾಗ. ಆಮೇಲೆ ಬಂದವರು ನಿಲ್ಲುವುದು ರಸ್ತೆಯ ಮೇಲೆಯೇ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ 2010ರಲ್ಲಿ ತೆರೆದ ಮೇಲೆ, ಅದೇ ಬೈಕಿನವರ ಕೊಡೆ ಎಂಬಂತಾಗಿದೆ. ಆದರೆ ಆ ಕೊಡೆಯ ಕೆಳಗೆ ಲಾರಿ, ಬಸ್ಸುಗಳೂ ಓಡುತ್ತವೆ. ಗಾಜಿನ ಮೇಲೆ ನೀರು ಹರಿಯುತ್ತಿರುವಾಗ ಲಾರಿ ಚಾಲಕನಿಗೆ, ಕಪ್ಪು ರೈನ್‌ಕೋಟು ತೊಟ್ಟು ದೀಪ ಆರಿಸಿ ನಿಂತ ಸವಾರ ಕಾಣುವುದು ಕೊನೆಯ ಗಳಿಗೆಯಲ್ಲಿ.

ಇದೇ ಸವಾರ ಶನಿವಾರ ಮುಂಜಾನೆ ಸಕಲೇಶಪುರಕ್ಕೋ ಆಗುಂಬೆಗೋ ಹೊರಟನೆನ್ನಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿ.ಮೀ. ಮಳೆ, ಆಗುಂಬೆಯಲ್ಲಿ 7,000 ಮಿ.ಮೀ.ಗೂ ಹೆಚ್ಚು. ಅಲ್ಲಿ ಮಳೆ ನಿಲ್ಲಲೆಂದು ಕಾಯುತ್ತ ಕುಳಿತರೆ ರಜೆಯೇ ಮುಗಿಯುತ್ತದೆ. ಹಾಗಾದರೆ ಅವನು ಏನನ್ನು ಕೊಳ್ಳಬೇಕು? ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವ ಮುನ್ನ ನಿಮ್ಮ ಭೌತಶಾಸ್ತ್ರದ ಪುಸ್ತಕದ ಒಂದು ಲೆಕ್ಕ ಮಾಡೋಣ.

2 ಮಿ.ಮೀ. ವ್ಯಾಸದ ಮಳೆಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ನೆಲಕ್ಕಿಳಿಯುತ್ತದೆ. ಬೈಕು ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದರೆ, ಅದು ಸೆಕೆಂಡಿಗೆ 20 ಮೀಟರ್. ಎರಡನ್ನೂ ಸದಿಶಗಳಾಗಿ ಕೂಡಿಸಿ. ಸವಾರನ ಪಾಲಿಗೆ ಹನಿ ಬರುವುದು ಸೆಕೆಂಡಿಗೆ 21 ಮೀಟರ್ ವೇಗದಲ್ಲಿ, ಅದೂ ನೆಲಮಟ್ಟದಿಂದ ಕೇವಲ 18 ಡಿಗ್ರಿ ಮೇಲಿನಿಂದ. ಅಂದರೆ ಅವನಿಗೆ ಮಳೆ ಆಕಾಶದಿಂದ ಸುರಿಯುವುದಿಲ್ಲ, ಎದುರಿನಿಂದ ಎರಚುತ್ತದೆ. ನಡೆಯುವವರಿಗಾಗಿ ಹೊಲಿದ ರೈನ್‌ಕೋಟು ಬೈಕಿನ ಮೇಲೆ ಸೋಲುವುದು ಇದಕ್ಕೇ. ಅದು ತಲೆ, ಭುಜಗಳನ್ನು ಕಾಯುತ್ತದೆ. ನೀರು ನುಗ್ಗುವುದು ಎದೆಯ ಜಿಪ್ಪಿನಲ್ಲಿ, ಕುತ್ತಿಗೆಯಲ್ಲಿ, ತೋಳಿನ ತುದಿಯಲ್ಲಿ.

ಅಂಗಡಿಯವರು ಬಟ್ಟೆಯನ್ನು ಹೊಗಳುತ್ತಾರೆ. ಬಟ್ಟೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನೀವು ನೋಡಬೇಕಾದದ್ದು ಹೊಲಿಗೆ. ಸೂಜಿ ಹೋದಲ್ಲೆಲ್ಲ ಒಂದು ತೂತು. ಆ ಸಾಲು ತೂತುಗಳ ಮೇಲೆ ಒಳಗಿನಿಂದ ಬಿಸಿ ಮಾಡಿ ಅಂಟಿಸಿದ ಪಟ್ಟಿ ಇದ್ದರೆ ಮಾತ್ರ ಅದು ಮಳೆಯಂಗಿ. ಅಂಗಿಯನ್ನು ಒಳಹೊರಗು ಮಾಡಿ ಈ ಪಟ್ಟಿ ಕಂಕುಳಿನವರೆಗೂ ಹೋಗಿದೆಯೇ ನೋಡಿ. ಪ್ಯಾಂಟಿನಲ್ಲಿ ತೊಡೆಸಂದಿನ ಹೊಲಿಗೆಯನ್ನೇ ಪರೀಕ್ಷಿಸಬೇಕು. ಪೆಟ್ರೋಲ್ ಟ್ಯಾಂಕಿನ ಮೇಲಿಂದ ಹರಿದ ನೀರು ಅಲ್ಲಿಯೇ ನಿಲ್ಲುತ್ತದೆ, ಕುಳಿತವನ ಭಾರವೂ ಅಲ್ಲಿಯೇ ಒತ್ತುತ್ತದೆ. ಮನೆಗೆ ತಂದ ಮೇಲೆ ಆ ಭಾಗವನ್ನು ಜೋಳಿಗೆಯಂತೆ ಹಿಡಿದು ಒಂದು ಚೊಂಬು ನೀರು ಹೊಯ್ದು ಹತ್ತು ನಿಮಿಷ ಬಿಡಿ. ಕೆಳಗೆ ಒಂದು ಹನಿ ಕಂಡರೂ ಹಿಂದಿರುಗಿಸಬಹುದು, ರಸೀದಿ ಇಟ್ಟುಕೊಂಡಿರಿ.

ನೆನೆದರೇನಂತೆ, ಉಪ್ಪಿನ ಬೊಂಬೆಯೇ ನಾವು ಎನ್ನುವವರುಂಟು. ಹತ್ತಿ ಅಂಗಿ, ಪ್ಯಾಂಟು ಸೇರಿ ಅರ್ಧ ಲೀಟರ್ ನೀರು ಕುಡಿದಿವೆ ಎಂದುಕೊಳ್ಳಿ. ಅಷ್ಟು ನೀರು ಆವಿಯಾಗಲು ಸುಮಾರು 1,200 ಕಿಲೋಜೂಲ್ ಶಾಖ ಬೇಕು. ನಾಲ್ಕು ಲೀಟರಿಗೆ ಸ್ವಲ್ಪ ಕಡಮೆ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವ ಶಾಖವದು. ಅಷ್ಟೂ ದೇಹದಿಂದಲೇ ಹೋಗುವುದಿಲ್ಲ, ನಿಜ. ಆದರೂ ಗಾಳಿ ಬೀಸುತ್ತಿರುವಾಗ ದೊಡ್ಡ ಪಾಲು ದೇಹದ್ದೇ. ಮೊದಲು ಮರಗಟ್ಟುವುದು ಬೆರಳು. ಬ್ರೇಕಿನ ಹಿಡಿ ಒತ್ತುವುದು ಅರ್ಧ ಸೆಕೆಂಡು ತಡವಾದರೆ ನಮ್ಮ 72 ಕಿ.ಮೀ. ವೇಗದ ಬೈಕು 10 ಮೀಟರ್ ಮುಂದೆ ಹೋಗಿರುತ್ತದೆ.

ಆದ್ದರಿಂದ ಕೈಗವಸಿಗೆ ಜಿಪುಣತನ ಬೇಡ. ಅದನ್ನು ಹಾಕುವ ಕ್ರಮವೂ ಮುಖ್ಯ. ಹಂಚಿನ ಮನೆಯ ಮಾಡನ್ನು ನೆನೆಯಿರಿ: ಮೇಲಿನ ಹಂಚು ಕೆಳಗಿನದರ ಮೇಲೆ ಚಾಚಿರುತ್ತದೆ. ಸವಾರನ ಭುಜಕ್ಕಿಂತ ಕೈ ಕೆಳಗಿರುವುದರಿಂದ ನೀರು ಮಣಿಕಟ್ಟಿನ ಕಡೆಗೆ ಇಳಿಯುತ್ತದೆ. ತೋಳು ಕೈಗವಸಿನ ಮೇಲೆ ಬರಬೇಕು, ಅಲ್ಲಿ ಬಿಗಿಯಾದ ಪಟ್ಟಿ ಇರಬೇಕು. ಪ್ಯಾಂಟೂ ಹಾಗೆಯೇ, ಬೂಟಿನ ಮೇಲೆ.

ಬೆವರನ್ನು ಹೊರಬಿಟ್ಟು ನೀರನ್ನು ತಡೆಯುವ ದುಬಾರಿ ಬಟ್ಟೆಗಳೂ ಇವೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನನ್ನು ಥಟ್ಟನೆ ಎಳೆದು ಅದರಲ್ಲಿ ಅತಿ ಸೂಕ್ಷ್ಮ ರಂಧ್ರಗಳಾಗುವಂತೆ ಮಾಡಿದ್ದರಿಂದ ಹುಟ್ಟಿದ ಸಂತತಿಯಿದು. ನೀರಾವಿ ಹಾಯುತ್ತದೆ, ಹನಿ ಹಾಯುವುದಿಲ್ಲ. ಆದರೆ ಆವಿ ಹೊರಹೋಗಬೇಕಾದರೆ ಒಳಗಿಗಿಂತ ಹೊರಗೆ ಆವಿಯ ಒತ್ತಡ ಕಡಮೆಯಿರಬೇಕು. ಮಲೆನಾಡಿನ ಜುಲೈ ತಿಂಗಳ ತೇವದ ಗಾಳಿಯಲ್ಲಿ ಆ ಅಂತರ ಕುಗ್ಗುತ್ತದೆ, ಬಟ್ಟೆಯ ಬೆಲೆ ಮಾತ್ರ ಕುಗ್ಗುವುದಿಲ್ಲ. ವಿದ್ಯಾರ್ಥಿಯ ಕಿಸೆಗೆ, ದಿನದ ಉಡುಪಿನ ಮೇಲೆ ತೊಡುವ, ಪಟ್ಟಿ ಅಂಟಿಸಿದ ಸಾದಾ ಜೊತೆಯೇ ಸಾಕೆಂದು ನನ್ನ ಅಭಿಪ್ರಾಯ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಬೆನ್ನ ಮೇಲೆ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಪಟ್ಟಿಯಿರಲಿ.

ಪೊಂಚೋ ಮಾತ್ರ ಬೇಡವೇ ಬೇಡ. ಗಾಳಿಗೆ ಅದು ಹಾಯಿಯಂತೆ ಉಬ್ಬುತ್ತದೆ, ಅಂಚು ಹಿಂದಿನ ಚಕ್ರಕ್ಕೋ ಸರಪಳಿಗೋ ಸಿಕ್ಕಿಕೊಳ್ಳುತ್ತದೆ. ಹಿಂಬದಿ ಸವಾರರ ಬಟ್ಟೆ ಸಿಗದಂತೆ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಚಂದ ಕಾಣುವುದಿಲ್ಲವೆಂದು ಆ ಸೀರೆ ಗಾರ್ಡನ್ನು ಬಿಚ್ಚಿಸುವವರು ಬಹಳ.

ಇನ್ನು ಕಣ್ಣು. ಐ.ಎಸ್.ಐ. ಗುರುತಿನ ಹೆಲ್ಮೆಟ್ ಇದ್ದರೂ ಅದರ ಮುಂದಿನ ಪಾರದರ್ಶಕ ಮುಚ್ಚಳ, ಅಂದರೆ ವೈಸರ್, ಗೀರು ಬಿದ್ದಿದ್ದರೆ ರಾತ್ರಿ ಮಳೆಯಲ್ಲಿ ಎದುರಿನ ದೀಪ ಒಂದೊಂದು ಗೀರಿನಲ್ಲೂ ಚದುರಿ ಬೆಳ್ಳಗಿನ ಪರದೆ ಕಟ್ಟುತ್ತದೆ. ಗೀರು ಬಿದ್ದ ವೈಸರನ್ನು ಬದಲಿಸಿ. ಈ ಪಟ್ಟಿಯಲ್ಲಿ ಅತಿ ಕಡಮೆ ಖರ್ಚಿನ ವಸ್ತುಗಳಲ್ಲೊಂದು ಇದು. ಕಪ್ಪು ವೈಸರ್ ಹಗಲಿಗೆ ಮಾತ್ರ. ಒಳಗೆ ಮಂಜು ಕಟ್ಟುವುದು ಉಸಿರಿನ ಆವಿ ತಣ್ಣನೆಯ ವೈಸರಿಗೆ ತಾಗಿ ಇಬ್ಬನಿಯಾಗುವುದರಿಂದ. ಒಳಗೊಂದು ತೆಳು ಪದರ ಕೂರಿಸಿ ನಡುವೆ ಗಾಳಿ ಉಳಿಸಿದರೆ ಒಳಮೈ ಅಷ್ಟು ತಣ್ಣಗಾಗುವುದಿಲ್ಲ.

ಬೈಕಿನ ಮುಂದೆ ಕೂರಿಸುವ ದೊಡ್ಡ ಗಾಜನ್ನು ಕೊನೆಗೆ ಬಿಟ್ಟಿದ್ದೇನೆ, ಏಕೆಂದರೆ ಕೊಳ್ಳುವುದೂ ಕೊನೆಗೇ. ಎದೆಗೆ ಬಡಿಯುವ ಗಾಳಿಯನ್ನು ಅದು ತಡೆಯುತ್ತದೆ, ದೂರದ ಪ್ರಯಾಣದಲ್ಲಿ ಆಯಾಸ ಕಡಮೆಯಾಗುತ್ತದೆ. ಆದರೆ ಅದಕ್ಕೆ ವೈಪರ್ ಇಲ್ಲ. ಕೊಳ್ಳುವುದಾದರೆ ಸೀಟಿನ ಮೇಲೆ ಎಂದಿನಂತೆ ಕುಳಿತು ನೋಡಿ: ಗಾಜಿನ ಮೇಲಂಚು ಕಣ್ಣಿಗಿಂತ ಕೆಳಗಿದ್ದು, ಅದರ ಮೇಲಿಂದ ಮುಂದಿನ ರಸ್ತೆ ನೇರವಾಗಿ ಕಾಣಬೇಕು.