ಲಾಭ ಬರುವುದು ಎಲ್ಲಿಂದ? ಮನೆಮನೆ ಸೌಂದರ್ಯವರ್ಧಕ ವ್ಯಾಪಾರಕ್ಕೆ ಸೇರುವ ಮುನ್ನ

(ಗೇರುಸೊಪ್ಪದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಇಂದು ನಾವು ಮಾತನಾಡಬೇಕೆಂದಿರುವುದು ಮುಖಕ್ಕೆ ಹಚ್ಚುವ ಕ್ರೀಮಿನ ವ್ಯಾಪಾರದ ಬಗ್ಗೆ. ಮಿಂಬರಿನಿಂದ ಇದೇನು ಮಾತು ಎಂದು ಯಾರೂ ನಗಬಾರದು. ಎರಡು ತಿಂಗಳಲ್ಲಿ ನಮ್ಮ ಜಮಾಅತಿನ ಮೂರು ಮನೆಗಳಿಂದ ಇದೇ ಪ್ರಶ್ನೆ ಬಂದಿದೆ. ಸೋಪು, ಕ್ರೀಮು, ಶಾಂಪೂಗಳನ್ನು ಅಂಗಡಿಯಿಲ್ಲದೆ ಮನೆಯಿಂದ ಮನೆಗೆ ಮಾರುವ ಕಂಪನಿಗೆ ಸೇರಬಹುದೇ? ಅದರ ಸಂಪಾದನೆ ಹಲಾಲೇ? ಕೇಳಿದವರಲ್ಲಿ ಒಬ್ಬ ಸಹೋದರಿಯ ಗಂಡನಿಗೆ ಕೊಲ್ಲಿಯಲ್ಲಿ ಐದು ತಿಂಗಳಿನಿಂದ ಸರಿಯಾದ ಸಂಬಳವಿಲ್ಲ. ಮಗಳ ಕಾಲೇಜು ಶುಲ್ಕ ಕಟ್ಟಬೇಕಿದೆ. ಸೇರುವ ಹಣಕ್ಕಾಗಿ ಎರಡು ಬಳೆಗಳನ್ನು ಅಡವಿಡಲು ಅವರು ತೀರ್ಮಾನಿಸಿದ್ದಾರೆ. ಆ ಬಳೆಗಳು ಮನೆಯಿಂದ ಹೊರಡುವ ಮೊದಲೇ ಉತ್ತರ ಸಿಗಬೇಕು. ಆದ್ದರಿಂದ ಈ ವಿಷಯವನ್ನು ಮುಂದಿನ ವಾರಕ್ಕೆ ತಳ್ಳಲಿಲ್ಲ.

ಸಹೋದರರೇ, ಮೊದಲು ಒಂದು ಮಾತು ಸ್ಪಷ್ಟವಾಗಲಿ. ಹೆಣ್ಣುಮಕ್ಕಳು ವ್ಯಾಪಾರ ಮಾಡುವುದರಲ್ಲಿ ತಪ್ಪಿಲ್ಲ. ವಿಶ್ವಾಸಿಗಳ ಮಾತೆ ಹಝ್ರತ್ ಖದೀಜಾ(ರ) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು. ನಮ್ಮ ಊರಿನ ಚರಿತ್ರೆಯೂ ವ್ಯಾಪಾರದ ಚರಿತ್ರೆಯೇ. 16ನೇ ಶತಮಾನದಲ್ಲಿ ಗೇರುಸೊಪ್ಪವನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು ಹೊನ್ನಾವರ, ಭಟ್ಕಳದ ಬಂದರುಗಳ ಮೂಲಕ ಕಡಲಾಚೆಗೆ ಹೋಗುತ್ತಿತ್ತು. ಆ ವ್ಯಾಪಾರದಲ್ಲಿ ಹಣ ಬರುತ್ತಿದ್ದುದು ಮೆಣಸಿನಿಂದ. ಬೆಳೆದವನಿಗೆ, ಹೊತ್ತವನಿಗೆ, ಹಡಗಿನವನಿಗೆ ಪಾಲು ಸಿಗುತ್ತಿತ್ತು. ಕೊನೆಯಲ್ಲಿ ಎಲ್ಲೋ ಒಂದು ಅಡುಗೆಮನೆಯಲ್ಲಿ ಆ ಮೆಣಸನ್ನು ಉಪಯೋಗಿಸುವವನೊಬ್ಬ ಇದ್ದ. ಅವನು ಕೊಟ್ಟ ಬೆಲೆಯೇ ಎಲ್ಲರ ಪಾಲೂ ಆಗಿತ್ತು.

ಇಂದಿನ ಪ್ರಶ್ನೆಯ ಕೀಲಿಯೂ ಇದೇ. ಈ ಕಂಪನಿಯಲ್ಲಿ ಲಾಭ ಎಲ್ಲಿಂದ ಬರುತ್ತದೆ? ಕ್ರೀಮನ್ನು ಕೊಂಡು ಹಚ್ಚಿಕೊಳ್ಳುವವರಿಂದಲೋ, ಅಥವಾ ನಿಮ್ಮ ಹಿಂದೆ ಹಣ ಕಟ್ಟಿ ಸೇರುವವರಿಂದಲೋ? ಮೊದಲನೆಯದು ವ್ಯಾಪಾರ. ಎರಡನೆಯದಕ್ಕೆ ವ್ಯಾಪಾರದ ಬಟ್ಟೆ ತೊಡಿಸಿದ್ದಾರೆ, ಅಷ್ಟೇ.

ದಲ್ಲಾಳಿಯ ಕೂಲಿ ಹರಾಮ್ ಅಲ್ಲ. ಕುಮಟಾದ ಮಾರುಕಟ್ಟೆಯಲ್ಲಿ ಅಡಿಕೆ ಮಾರಿಸಿಕೊಟ್ಟವನು ತನ್ನ ದಲ್ಲಾಳಿ ತೆಗೆದುಕೊಳ್ಳುತ್ತಾನೆ. ಮಾಡಿದ ಕೆಲಸ ಕಾಣುತ್ತದೆ, ಕೂಲಿ ಎಷ್ಟೆಂದು ಗೊತ್ತಿದೆ, ಅಡಿಕೆ ಕಣ್ಣೆದುರಿಗಿದೆ. ಫಿಕ್ಹ್ ವಿದ್ವಾಂಸರು ಇದನ್ನು ಒಪ್ಪಿದ್ದಾರೆ. ಆದರೆ ನೀವು ಸೇರಿಸಿದವರು ಮತ್ತೊಬ್ಬರನ್ನು ಸೇರಿಸಿ, ಅವರು ಮತ್ತೂ ಕೆಲವರನ್ನು ಸೇರಿಸಿದಾಗ, ಹೆಸರೂ ಗೊತ್ತಿಲ್ಲದ ಏಳನೇ ಸಾಲಿನ ವ್ಯಕ್ತಿ ಕಟ್ಟಿದ ಹಣದಲ್ಲಿ ನಿಮಗೆ ಪಾಲು ಬರುತ್ತದೆ ಎಂದರೆ, ಅದು ಯಾವ ಕೆಲಸದ ಕೂಲಿ?

ಒಂದು ಲೆಕ್ಕ ಮಾಡೋಣ. ಮಕ್ಕಳೂ ಮಾಡಬಹುದಾದ ಲೆಕ್ಕ. ಒಬ್ಬರು ಆರು ಮಂದಿಯನ್ನು ಸೇರಿಸಬೇಕು, ಆ ಆರು ಮಂದಿ ತಲಾ ಆರು ಮಂದಿಯನ್ನು ಸೇರಿಸಬೇಕು ಎಂದಿಟ್ಟುಕೊಳ್ಳಿ. 6, 36, 216, 1,296, 7,776, 46,656. ಏಳನೇ ಸಾಲಿನಲ್ಲಿ 2,79,936 ಜನ. ಎಂಟನೇ ಸಾಲಿನಲ್ಲಿ 16,79,616 ಜನ. 2011ರ ಜನಗಣತಿಯಂತೆ ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಅಂದರೆ ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರೂ ಸೇರಿದರೂ ಎಂಟನೇ ಸಾಲು ತುಂಬದು. ಈ ಏಣಿಯ ಕೆಳಗಿನ ಮೆಟ್ಟಿಲಿನಲ್ಲೇ ಯಾವಾಗಲೂ ಹೆಚ್ಚು ಜನ ನಿಂತಿರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಮೇಲಿನವರಿಗೆ ಕಾರು ಬಂದದ್ದು ಸುಳ್ಳಲ್ಲದಿರಬಹುದು. ಆ ಕಾರಿನ ಹಣವನ್ನು ಕೆಳಗಿನವರು ಕಟ್ಟಿದ್ದಾರೆ ಎಂಬುದನ್ನು ಸಭೆಯಲ್ಲಿ ಹೇಳುವುದಿಲ್ಲ.

ನಮ್ಮ ದೇಶದ ಕಾನೂನೂ ಇದೇ ಗೆರೆಯನ್ನು ಎಳೆದಿದೆ. ಹಣ ಚಲಾವಣೆಯ ಯೋಜನೆಗಳನ್ನು 1978ರಲ್ಲೇ ಕಾಯ್ದೆಯ ಮೂಲಕ ನಿಷೇಧಿಸಲಾಗಿದೆ. ನೇರ ಮಾರಾಟಕ್ಕೆಂದೇ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2021ರ ಡಿಸೆಂಬರ್‌ನಲ್ಲಿ ನಿಯಮಗಳು ಬಂದವು. ವಸ್ತುಗಳನ್ನು ಮಾರುವ ನೇರ ಮಾರಾಟಕ್ಕೆ ಅವಕಾಶವಿದೆ, ಅದರ ಹೆಸರಿನಲ್ಲಿ ಪಿರಮಿಡ್ ಯೋಜನೆ ನಡೆಸುವುದಕ್ಕೆ ಅವಕಾಶವಿಲ್ಲ. ಬೇರೆಯವರನ್ನು ಕರೆತಂದರೆ ನಿಮ್ಮ ಹಣ ವಾಪಸ್ ಬರುತ್ತದೆ ಎಂದು ಆಸೆ ತೋರಿಸಿ ಗ್ರಾಹಕರಿಗೆ ಮಾರುವುದನ್ನೂ ಆ ನಿಯಮಗಳು ತಡೆಯುತ್ತವೆ. ದೊಡ್ಡ ಹೆಸರಿನ ಕಂಪನಿ ಎಂಬುದೊಂದೇ ಸಾಕ್ಷಿಯಾಗದು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯವು ಆಮ್ವೇ ಕಂಪನಿಯ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿಯನ್ನು ಪಿರಮಿಡ್ ವಂಚನೆಯ ಆರೋಪದ ಮೇಲೆ ಜಪ್ತಿ ಮಾಡಿತು. ಇದು ಆರೋಪವೇ ಹೊರತು ತೀರ್ಪಲ್ಲ. ಅಷ್ಟು ದೊಡ್ಡ ಸಂಸ್ಥೆಯ ಬಗ್ಗೆಯೇ ಸರಕಾರಿ ಇಲಾಖೆ ಪ್ರಶ್ನೆ ಎತ್ತಿರುವಾಗ ನಾವು ಎರಡು ಬಾರಿ ಯೋಚಿಸುವುದು ತಪ್ಪಲ್ಲ ಎಂದು ತಿಳಿಸಲು ಮಾತ್ರ ಹೇಳಿದೆವು.

ಉಲಮಾಗಳ ಅಭಿಪ್ರಾಯವೇನು? ಸೌದಿ ಅರೇಬಿಯಾದ ಫತ್ವಾ ಸ್ಥಾಯೀ ಸಮಿತಿ ಇಂತಹ ಸರಪಳಿ ಮಾರಾಟವನ್ನು ಹರಾಮ್ ಎಂದಿದೆ. ಅಲ್ಲಿ ವಸ್ತು ಬರೀ ನೆಪ, ಉದ್ದೇಶ ಕಮಿಷನ್ ಎಂಬುದು ಅವರ ವಾದ. ಇಂಡೋನೇಷ್ಯಾದ ಉಲಮಾ ಮಂಡಳಿ 2009ರಲ್ಲಿ ಹಲವು ಷರತ್ತುಗಳನ್ನಿಟ್ಟು ಅನುಮತಿ ನೀಡಿತು. ನಿಜವಾದ ವಸ್ತು ಇರಬೇಕು, ವಸ್ತು ಹಲಾಲ್ ಆಗಿರಬೇಕು, ಬೆಲೆಯನ್ನು ವಿಪರೀತ ಏರಿಸಬಾರದು, ಗಳಿಕೆ ನಿಜವಾದ ಕೆಲಸಕ್ಕೆ ತಕ್ಕಂತಿರಬೇಕು, ಕೆಲಸ ಮಾಡದೆ ಕೂತು ಕಮಿಷನ್ ಪಡೆಯುವಂತಿರಬಾರದು. ಎರಡೂ ಕಡೆಯವರು ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ. ಜನರನ್ನು ಸೇರಿಸುವುದೇ ಕಸುಬಾದರೆ ಅದು ಹಲಾಲ್ ಅಲ್ಲ. ಅಲ್ಲಿ ಜೂಜಿನ ಗುಣವಿದೆ, ಗರರ್ ಇದೆ. ಏನು ಕೊಡುತ್ತಿದ್ದೇವೆ, ಏನು ಸಿಗುತ್ತದೆ ಎಂಬುದು ಕತ್ತಲಲ್ಲಿರುವ ಒಪ್ಪಂದವನ್ನೇ ಗರರ್ ಎನ್ನುತ್ತೇವೆ.

ಇನ್ನು ಮನೆಯ ಲೆಕ್ಕ. ತಿಂಗಳಿಗೆ 3,000 ರೂಪಾಯಿ ಮುಖಬೆಲೆಯ ಸಾಮಾನನ್ನು ಕೊಳ್ಳಲೇಬೇಕು, ಅದು ನಿಮಗೆ 2,400ಕ್ಕೆ ಸಿಗುತ್ತದೆ ಎಂದುಕೊಳ್ಳಿ. ಪೂರ್ತಿ ಮಾರಿದರೆ 600 ರೂಪಾಯಿ ಉಳಿತಾಯ. ಅದರಲ್ಲಿ ಹೊನ್ನಾವರದ ಸಭೆಗೆ ಹೋಗಿಬರುವ ಬಸ್ ಖರ್ಚು, ಫೋನಿನ ಖರ್ಚು ಕಳೆಯಿರಿ. ಅರ್ಧ ಮಾತ್ರ ಮಾರಿದರೆ ಕೈಗೆ ಬಂದದ್ದು 1,500. ಆಗ 900 ರೂಪಾಯಿ ಕಪಾಟಿನಲ್ಲಿ ಡಬ್ಬಿಯಾಗಿ ಕುಳಿತಿದೆ. ಉದ್ರಿ ಕೊಟ್ಟದ್ದು ಬೇರೆ. ನಾದಿನಿಗೆ, ಪಕ್ಕದ ಮನೆಯವರಿಗೆ ಕೊಟ್ಟ ಕ್ರೀಮಿನ ಹಣವನ್ನು ಎಷ್ಟು ಸಲ ಕೇಳಲಾದೀತು? ಅಡವಿಟ್ಟ ಬಳೆಗೆ ಬಡ್ಡಿ ಮಾತ್ರ ಪ್ರತಿ ತಿಂಗಳೂ ತಪ್ಪದೆ ಏರುತ್ತದೆ. ಹಲಾಲ್ ಗಳಿಕೆಯ ಹೆಸರಿನಲ್ಲಿ ಬಡ್ಡಿಯ ಬಾಗಿಲು ತಟ್ಟುವುದು ಎಂತಹ ವ್ಯಾಪಾರ? ಅಮೆರಿಕದ ವ್ಯಾಪಾರ ಆಯೋಗದ ಅಧಿಕಾರಿಗಳು ಇಂತಹ 70 ಕಂಪನಿಗಳೇ ಪ್ರಕಟಿಸಿದ ಆದಾಯದ ವಿವರಗಳನ್ನು ನೋಡಿ 2024ರಲ್ಲಿ ವರದಿ ಕೊಟ್ಟರು. ಸೇರಿದವರಲ್ಲಿ ಹೆಚ್ಚಿನವರಿಗೆ ವರ್ಷಕ್ಕೆ ಸಿಕ್ಕಿದ್ದು 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಖರ್ಚು ಕಳೆಯುವ ಮೊದಲಿನ ಮಾತು ಇದು.

ಮಾರುವ ವಸ್ತುವಿಗೂ ನಾವು ಜವಾಬ್ದಾರರು. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿದ್ದು, ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದು ನಿಮಗೆಲ್ಲ ಗೊತ್ತು. ಕ್ರೀಮಿನ ಡಬ್ಬಿಯೊಳಗೆ ಏನಿದೆ ಎಂದು ಬೆರಳಿಟ್ಟು ತಿಳಿಯಲಾಗದು. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಗಮನಿಸಿದರು. 15 ಮಂದಿಯಲ್ಲಿ ಅದರ ಅಪರೂಪದ ರೂಪ ಕಂಡಿತು. ಅವರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚಿದ್ದವರು. ಅಂತಹ ಕ್ರೀಮುಗಳ ಪಾದರಸದ ಮೇಲೆ ವೈದ್ಯರ ಬೊಟ್ಟು. ಅವು ನೇರ ಮಾರಾಟದ ಕಂಪನಿಗಳವು ಎಂದು ನಾವು ಹೇಳುತ್ತಿಲ್ಲ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇಲ್ಲದ ಡಬ್ಬಿಯನ್ನು ಯಾರೇ ಕೊಟ್ಟರೂ ಇನ್ನೊಬ್ಬರ ಮಗಳ ಮುಖಕ್ಕೆ ಹಚ್ಚಬೇಡಿ ಎನ್ನುತ್ತಿದ್ದೇವೆ. ಬಿಳಿ ಮೈಬಣ್ಣವೇ ಚೆಂದ ಎಂದು ಹೇಳಿ ಹೆಣ್ಣುಮಕ್ಕಳ ಮನಸ್ಸು ನೋಯಿಸಿ ಮಾರುವುದೂ ಬೇಡ. ಬಣ್ಣ ಕೊಟ್ಟವನು ಅಲ್ಲಾಹನು.

ಎಲ್ಲಕ್ಕಿಂತ ಬೆಲೆಯುಳ್ಳ ಸಾಮಾನು ಕಿಟ್ಟಿನಲ್ಲಿಲ್ಲ. ಅದು ನಿಮ್ಮ ಮೇಲೆ ಜನರಿಗಿರುವ ನಂಬಿಕೆ. ಕಂಪನಿಗೆ ಗೇರುಸೊಪ್ಪದಲ್ಲಿ ಯಾರ ಪರಿಚಯವೂ ಇಲ್ಲ. ನಿಮಗಿದೆ. ಅದಕ್ಕೇ ಮೊದಲ ದಿನವೇ ನೆಂಟರ, ಗೆಳತಿಯರ ಹೆಸರು ಪಟ್ಟಿ ಮಾಡಿಸುತ್ತಾರೆ. ಬೆಂಗಳೂರಿನ ಐಎಂಎ ನೇರ ಮಾರಾಟದ ಕಂಪನಿಯಾಗಿರಲಿಲ್ಲ. ಆದರೆ ಹಲಾಲ್ ಎಂಬ ಮಾತನ್ನೂ, ನಮ್ಮವರು ಎಂಬ ನಂಬಿಕೆಯನ್ನೂ ಬಂಡವಾಳ ಮಾಡಿಕೊಂಡಿತ್ತು. 2019ರ ಜೂನ್‌ನಲ್ಲಿ ಅದು ಕುಸಿದಾಗ ದೂರು ಕೊಡಲು ಸಾಲು ನಿಂತವರು ನಲವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಎಷ್ಟೋ ಮಂದಿಯನ್ನು ಅಲ್ಲಿಗೆ ಕರೆದೊಯ್ದವರು ಸ್ವಂತ ಬಂಧುಗಳೇ. ಹೋದ ಹಣವನ್ನು ಮತ್ತೆ ದುಡಿಯಬಹುದು. ಮುರಿದ ನೆಂಟಸ್ತಿಕೆಯನ್ನು ಕಟ್ಟುವುದು ಕಷ್ಟ.

ಹಾಗಾದರೆ ತೀರ್ಮಾನ ಹೇಗೆ? ಸೇರುವ ಮುನ್ನ ಐದು ಪ್ರಶ್ನೆ ಕೇಳಿ. ಸೇರಲು ಹಣ ಕಟ್ಟಬೇಕೇ, ಅಥವಾ ದೊಡ್ಡ ಕಿಟ್ಟು ಕೊಳ್ಳಬೇಕೇ? ಪ್ರತಿ ತಿಂಗಳು ಕೊಳ್ಳಲೇಬೇಕೆಂಬ ಕಟ್ಟು ಇದೆಯೇ? ಮಾರದೆ ಉಳಿದದ್ದನ್ನು ಕಂಪನಿ ವಾಪಸ್ ಪಡೆದು ಹಣ ಕೊಡುತ್ತದೆಯೇ, ಅದು ಬರಹದಲ್ಲಿದೆಯೇ? ಯಾರನ್ನೂ ಸೇರಿಸದೆ ಬರೀ ಮಾರಿದರೂ ಲಾಭ ಉಳಿಯುತ್ತದೆಯೇ? ಕಮಿಷನ್ ಇಲ್ಲದಿದ್ದರೂ ಈ ಬೆಲೆಗೆ ಈ ಕ್ರೀಮನ್ನು ನೀವು ಕೊಳ್ಳುತ್ತಿದ್ದಿರೇ? ಉತ್ತರಗಳು ಸಮಾಧಾನ ತಂದರೆ, ವಸ್ತು ಶುದ್ಧವಾಗಿದ್ದರೆ, ಮಾರಿ ನಿಮ್ಮ ಲಾಭ ಪಡೆಯಿರಿ. ಅಲ್ಲಾಹನು ಬರಕತ್ ನೀಡಲಿ. ಉತ್ತರ ಕೊಡುವ ಬದಲು ಅವರು ಕಾರಿನ ಫೋಟೊ ತೋರಿಸಿದರೆ ಸಲಾಮ್ ಹೇಳಿ ಎದ್ದು ಬನ್ನಿ. ನಮ್ಮನ್ನು ಕೇಳಿದ ಸಹೋದರಿಗೆ ಉತ್ತರವೂ ಇದೇ. ಅವರು ತಂದು ತೋರಿಸಿದ ಕಾಗದದಲ್ಲಿ ಜನರನ್ನು ಸೇರಿಸುವುದಕ್ಕೇ ಹೆಚ್ಚಿನ ಕಮಿಷನ್ ಇದೆ. ಉಳಿದ ಸಾಮಾನು ವಾಪಸ್ ಪಡೆಯುವ ಮಾತಿಲ್ಲ. ಬಳೆ ಕೈಯಲ್ಲೇ ಇರಲಿ.

ಈಗಾಗಲೇ ಸೇರಿದವರನ್ನು ಯಾರೂ ಹೀಯಾಳಿಸಬಾರದು. ಅವರು ಹಣದಾಸೆಗೆ ಹೋದವರಲ್ಲ, ಮನೆಯ ಕಷ್ಟಕ್ಕೆ ಹೋದವರು. ಅವರು ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಲಿ. ಒಪ್ಪಂದದಲ್ಲಿ ರದ್ದು ಮಾಡುವ ಅವಧಿ ಎಷ್ಟಿದೆ ನೋಡಿ ಸಾಮಾನು ಹಿಂದಿರುಗಿಸಲಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಲಿ. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲಿ. ತಾವು ಸೇರಿಸಿದವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ, ಅವರಿಂದ ಪಡೆದ ಕಮಿಷನ್ ಸಾಧ್ಯವಾದಷ್ಟು ಮರಳಿಸಲಿ.

ಕೊನೆಯ ಮಾತು ಇಲ್ಲಿ ಕುಳಿತಿರುವ ಗಂಡಸರಿಗೆ. ಸೇರಬೇಡ ಎಂದು ಹೇಳುವುದು ಸುಲಭ. ಹಾಗಾದರೆ ಏನು ಮಾಡಲಿ ಎಂದು ಆ ತಾಯಿ ಕೇಳಿದರೆ ನಮ್ಮಲ್ಲಿ ಏನು ಉತ್ತರವಿದೆ? ಹೊಲಿಗೆ ಬಲ್ಲವರು, ಹಪ್ಪಳ ಉಪ್ಪಿನಕಾಯಿ ಮಾಡುವವರು, ಮಲ್ಲಿಗೆ ಕಟ್ಟುವವರು ನಮ್ಮ ಮನೆಗಳಲ್ಲಿದ್ದಾರೆ. ಮದುವೆಯ ಬಟ್ಟೆ ಹೊಲಿಸುವಾಗ ಅವರ ನೆನಪಾಗುತ್ತದೆಯೇ? ಹೊಲಿದ ಕೂಲಿಯನ್ನು ಆ ದಿನವೇ ಕೊಡುತ್ತೇವೆಯೇ? ಸಹೋದರಿಯರ ಆಸ್ತಿಪಾಲನ್ನು ಕೊಟ್ಟಿದ್ದೇವೆಯೇ? ಕೊಟ್ಟಿದ್ದರೆ ಎಷ್ಟೋ ಬಳೆಗಳು ಅಡವಿಗೆ ಹೋಗುತ್ತಿರಲಿಲ್ಲ. ಆ ಮಗಳ ಕಾಲೇಜು ಶುಲ್ಕಕ್ಕೆ ಬಡ್ಡಿಯಿಲ್ಲದ ಸಾಲ, ಕರ್ಝೆ ಹಸನ, ಕೊಡಬಲ್ಲವರು ಇಂದು ನಮಾಝಿನ ನಂತರ ನಮ್ಮನ್ನು ಕಾಣಿರಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಹೊರಗೆ ಹೋಗದು.

ಅಲ್ಲಾಹನು ನಮ್ಮ ಮನೆಗಳಿಗೆ ಹಲಾಲ್ ಗಳಿಕೆಯನ್ನೂ ಅದರಲ್ಲಿ ಬರಕತ್ತನ್ನೂ ದಯಪಾಲಿಸಲಿ. ಇನ್ನೊಬ್ಬರ ಕಷ್ಟದಿಂದ ಲಾಭ ಪಡೆಯುವುದರಿಂದ ನಮ್ಮನ್ನು ಕಾಪಾಡಲಿ. ಆಮೀನ್.