ಒಂದು ಸೀರೆಗೆ ಎಷ್ಟು ನೂಲು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮನ್ನು ಕರೆದಾಗ, “ಬ್ಯಾಂಕಿನವರಲ್ಲವೆ, ಉಳಿತಾಯದ ವಿಚಾರವಾಗಿ ನಾಲ್ಕು ಮಾತು ಹೇಳಿ” ಎಂದಿದ್ದರು. ಆ ವಿಚಾರ ಹೇಳಿ ಹೇಳಿ ನಮಗೂ ಬೇಸರ, ಕೇಳಿ ಕೇಳಿ ತಮಗೂ ಬೇಸರ. ಆದುದರಿಂದ ಅವರ ಅಪ್ಪಣೆ ಪಡೆದು ಬೇರೊಂದು ಲೆಕ್ಕವನ್ನು ತಂದಿದ್ದೇವೆ. ನಾವು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಬಿ.ಕಾಂ. ಓದಿ, ಮುಂಬಯಿಗೆ ಬಂದು ಗುಮಾಸ್ತರಾದವರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂಡುವ ವಿದ್ಯೆ ನಮಗೆ ಹತ್ತಲಿಲ್ಲ, ಲೆಕ್ಕ ಹತ್ತಿತು.

ಮೊದಲು ಒಂದು ಕರವಸ್ತ್ರವನ್ನು ತೆಗೆದುಕೊಳ್ಳೋಣ. ಬಟ್ಟೆಯ ಉದ್ದಕ್ಕೆ ಓಡುವ ಎಳೆ ಹಾಸು; ಲಾಳಿಯೊಡನೆ ಅಡ್ಡಲಾಗಿ ಬರುವ ಎಳೆ ಹೊಕ್ಕು. ಹಾಸುಹೊಕ್ಕು ಎಂದು ನಾವೆಲ್ಲ ಆಡುವ ಮಾತು ಮಗ್ಗದಿಂದಲೆ ಎದ್ದು ಬಂದದ್ದು. ಒಂದಿಂಚು ಚೌಕದ ಕಿಂಡಿಯುಳ್ಳ ಭೂತಗನ್ನಡಿಯನ್ನು ಬಟ್ಟೆಯ ಮೇಲಿಟ್ಟು, ಸೂಜಿಯ ಮೊನೆಯಿಂದ ಒಂದೊಂದೆ ಎಳೆ ಸರಿಸುತ್ತ ಎಣಿಸಬೇಕು. ನಮ್ಮ ಕರವಸ್ತ್ರ ೧೬ ಇಂಚು ಚೌಕದ್ದು. ಇಂಚಿಗೆ ಹಾಸು ೬೦, ಹೊಕ್ಕು ೬೦. ಅಂದರೆ ಉದ್ದಕ್ಕೆ ೯೬೦ ಎಳೆ, ಅಡ್ಡಕ್ಕೆ ೯೬೦ ಎಳೆ, ಪ್ರತಿಯೊಂದೂ ೧೬ ಇಂಚು. ಗುಣಿಸಿ ಗಜಕ್ಕೆ ತಂದರೆ ೮೫೩ ಗಜ. ಮೂಗು ಒರೆಸುವ ಚೂರು ಬಟ್ಟೆಯಲ್ಲಿ ಮುಕ್ಕಾಲು ಕಿಲೋಮೀಟರಿಗೂ ಮಿಗಿಲಾದ ನೂಲು!

ಇಲ್ಲೊಂದು ಸೋಜಿಗ ನೋಡಿ. ಹತ್ತಿನೂಲಿನ ವ್ಯಾಪಾರದಲ್ಲಿ ೮೪೦ ಗಜಕ್ಕೆ ಒಂದು ಲಡಿ. ಕರವಸ್ತ್ರವೆಂದರೆ ಹೆಚ್ಚುಕಡಿಮೆ ಒಂದು ಲಡಿ ಎಂದಾಯಿತು. ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತವೆಯೋ ಅದೇ ನೂಲಿನ ನಂಬರು. ಇಪ್ಪತ್ತು ತೂಗಿದರೆ ೨೦ರ ನೂಲು, ನಲವತ್ತು ತೂಗಿದರೆ ೪೦ರ ನೂಲು. ನಂಬರು ಏರಿದಷ್ಟೂ ಎಳೆ ಸಣ್ಣ. ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದು ಅರವತ್ತು ವರ್ಷ ದಾಟಿದರೂ ನೂಲಿನ ನಂಬರು ಗಜ ಪೌಂಡುಗಳನ್ನು ಬಿಟ್ಟಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಕೊರತೆ ಇದೆ. ಬಟ್ಟೆಯೊಳಗೆ ಎಳೆ ನೆಟ್ಟಗೆ ಮಲಗಿರುವುದಿಲ್ಲ. ಒಂದರ ಮೇಲೇರಿ, ಇನ್ನೊಂದರ ಕೆಳಗೆ ನುಸುಳಿ, ಹಾವಿನ ಹಾಗೆ ಸಾಗುತ್ತದೆ. ಹತ್ತು ಇಂಚು ಬಟ್ಟೆಯಿಂದ ಒಂದೆಳೆಯನ್ನು ಬಿಡಿಸಿ, ಮೆಲ್ಲಗೆ ಜಗ್ಗಿ ಅಳೆದು ನೋಡಿ; ಹತ್ತೂವರೆಯೋ ಅದಕ್ಕಿಂತ ಹೆಚ್ಚೋ ಇರುತ್ತದೆ. ಸಾದಾ ಹತ್ತಿಬಟ್ಟೆಗೆ ನೂರಕ್ಕೆ ಆರರಂತೆ ಸೇರಿಸುವುದು ನಮ್ಮ ರೂಢಿ. (ಬನಿಯನ್ನು, ಟೀ ಶರಟುಗಳಿಗೆ ಈ ಲೆಕ್ಕ ಸಲ್ಲದು; ಅವು ನೇಯ್ದವಲ್ಲ, ಹೆಣೆದವು. ಸಾವಿರ ಎಳೆಯ ಹಾಸಿಗೆ ಬಟ್ಟೆಯೆಂದು ಜಾಹೀರಾತು ಕಂಡರೆ, ಎರಡು ಮೂರು ಎಳೆ ಹೊಸೆದ ನೂಲನ್ನು ಎರಡು ಮೂರಾಗಿ ಎಣಿಸಿದ್ದಾರೆಯೆ ಎಂದು ತುಸು ವಿಚಾರಿಸಿ.)

ಈಗ ಸೀರೆ. ಆರು ಗಜ ಉದ್ದ, ೪೬ ಇಂಚು ಪನ್ನ, ಇಂಚಿಗೆ ಹಾಸು ೬೦, ಹೊಕ್ಕು ೫೬. ಹಾಸಿನ ಎಳೆ ೨,೭೬೦, ಒಂದೊಂದೂ ಆರು ಗಜ: ೧೬,೫೬೦ ಗಜ. ಹೊಕ್ಕು ೧೨,೦೯೬ ಸಲ ಅಡ್ಡ ಹಾಯುತ್ತದೆ: ೧೫,೪೫೬ ಗಜ. ಬಳುಕಿನ ಆರು ಪಾಲು ಸೇರಿಸಿದರೆ ಸುಮಾರು ೩೪,೦೦೦ ಗಜ, ಅಂದರೆ ೩೧ ಕಿಲೋಮೀಟರು. ಬೋರಿಬಂದರಿನಿಂದ ಎಳೆ ಹಿಡಿದು ಹೊರಟರೆ ಮುಲುಂಡಿನವರೆಗೂ ಬಂದೀತು. ೪೦ರ ನೂಲಾದರೆ ಇದು ನಲವತ್ತು ಲಡಿಗೆ ತುಸು ಹೆಚ್ಚು. ತೂಕ ಒಂದು ಪೌಂಡು. ಎಣಿಸಿ ಕಂಡದ್ದನ್ನು ತೂಗಿ ತಾಳೆ ನೋಡಬಹುದು. ಆದರೆ ತೂಕವನ್ನು ಪೂರ್ತಿ ನಂಬಬೇಡಿ: ಹತ್ತಿ ತೇವ ಹೀರುತ್ತದೆ. ಒಣ ನೂಲಿನ ನೂರು ಪಾಲಿಗೆ ಎಂಟೂವರೆ ಪಾಲು ನೀರನ್ನು ವ್ಯಾಪಾರದಲ್ಲೆ ಒಪ್ಪಿಕೊಂಡಿದ್ದಾರೆ; ಮಳೆಗಾಲದಲ್ಲಿ ಅದು ಇನ್ನೂ ಏರುತ್ತದೆ.

ಈ ಅಂಕಿ ತಲೆಯಲ್ಲಿ ಕುಳಿತ ಮೇಲೆ ಬೆಳಗಾವಿಯ ಕಾಂಗ್ರೆಸ್ಸು ನಮಗೆ ಬೇರೆಯಾಗಿಯೆ ಕಾಣತೊಡಗಿತು. ೧೯೨೪ರ ಡಿಸೆಂಬರಿನಲ್ಲಿ ಅಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದರು; ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೆ. ಸದಸ್ಯರಾಗಲು ವರ್ಷಕ್ಕೆ ೨೪,೦೦೦ ಗಜ ಕೈನೂಲು ಕೊಡಬೇಕೆಂದು ಅಲ್ಲಿ ನಿಯಮವಾಯಿತು. ತಾನೆ ನೂಲಲಾಗದಿದ್ದರೆ ಬೇರೆಯವರಿಂದ ನೂಲಿಸಿಯಾದರೂ ಕೊಡಬೇಕು. ಚಿಕ್ಕಂದಿನಲ್ಲಿ ಓದಿದಾಗ ಅದು ದೊಡ್ಡ ರಾಶಿಯೆಂದು ತೋರಿತ್ತು. ಈಗ ನೋಡಿದರೆ ನಾವು ಹೇಳಿದ ಸೀರೆಗೆ ಹತ್ತು ಸಾವಿರ ಗಜ ಕಡಿಮೆಯೆ ಬೀಳುತ್ತದೆ! ಇಂಚಿಗೆ ನಲವತ್ತೆಳೆಯ ದೊರಗು ಖಾದಿ, ಐದು ಗಜದ್ದು, ೪೫ ಇಂಚು ಪನ್ನದ್ದು ಎಂದಿಟ್ಟುಕೊಂಡರೆ ೧೯,೦೦೦ ಗಜದ ಸುಮಾರು. ಆಗ ವರ್ಷದ ದುಡಿಮೆಯಲ್ಲಿ ಒಂದು ಸೀರೆಯಾಗಿ ತುಸು ಮಿಕ್ಕೀತು. ಮರುವರ್ಷವೇ ನಾಲ್ಕಾಣೆ ಕೊಟ್ಟರೂ ಸಾಕೆಂದು ನಿಯಮವನ್ನು ಸಡಿಲಿಸಿದರು. ರಾಟಿಯ ಮುಂದೆ ಕುಳಿತು ನೋಡಿದವರು ಅವರನ್ನು ಹಳಿಯಲಾರರು.

ಇನ್ನು ನಮ್ಮ ಮನೆಯ ಮಾತು. ೨೦೦೧ನೆಯ ಇಸವಿ, ನಾವಾಗ ಹತ್ತು ವರ್ಷದವರು. ಅಪ್ಪ ಒಬ್ಬ ಮಾಲಕರಿಗೆ ಕೂಲಿಯ ಮೇಲೆ ನೇಯುತ್ತಿದ್ದರು. ಹಾಸನ್ನು ಮಾಲಕರೆ ಸುತ್ತಿಸಿ ಕೊಡುವರು. ಹೊಕ್ಕಿನ ನೂಲು ತೂಕದ ಮೇಲೆ. ಈಗ ಹೇಳಿದ ಅಳತೆಯವೆ ನಲವತ್ತು ಸೀರೆ, ಇಂಚಿಗೆ ೫೬ ಹೊಕ್ಕು ಎಂದು ಕರಾರು. ೪೦ರ ನೂಲು, ಹತ್ತು ಪೌಂಡಿನ ಎರಡು ಕಟ್ಟು ಬಂದವು, ಅಂದರೆ ೮೦೦ ಲಡಿ. ಸೀರೆಗೆ ಹತ್ತೊಂಬತ್ತೂವರೆ ಲಡಿ ಹೊಕ್ಕು ಹಿಡಿಯುತ್ತದೆ, ಉಳಿದರ್ಧ ಸವಕಳಿಗೆ. ಮಾಲಕರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಮೂವತ್ತೆಂಟನೆಯ ಸೀರೆ ಇಳಿಯುವಾಗ ನೂಲು ಮುಗಿಯಿತು; ಎರಡು ಸೀರೆಯ ಹಾಸು ಮಗ್ಗದ ಮೇಲೆ ಹಾಗೆಯೆ ಉಳಿಯಿತು.

“ಎರಡು ಸೀರಿ ನೂಲು ಎಲ್ಲಿ ಹೋತು?” ಎಂದು ನಾಲ್ಕು ಜನರ ಮುಂದೆ ಕೇಳಿದರು. ಕದ್ದಿರುವೆ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಕೂಲಿಯಲ್ಲಿ ನೂಲಿನ ಬೆಲೆ ಹಿಡಿದರು. ಎಣ್ಣೆಕಲೆ ಬಿದ್ದ ಒಂದು ಸೀರೆಯನ್ನು ಮರಳಿಸಿ ಅದರ ಬೆಲೆಯನ್ನೂ ಹಿಡಿದರು. ಅವ್ವ ಆ ಸೀರೆಯನ್ನು ಒಂದು ದಿನವೂ ಉಟ್ಟವಳಲ್ಲ. ಅಪ್ಪ ಆ ಬಳಿಕ ಹದಿನೈದು ವರ್ಷ ಬದುಕಿದರು; ಆ ಮಾತನ್ನು ಎತ್ತಿದವರಲ್ಲ.

ಹೋದ ವರ್ಷ ಅವ್ವನ ಟ್ರಂಕಿನಲ್ಲಿ ಅದು ಸಿಕ್ಕಿತು. ಗಾಜು ತಂದು ಹತ್ತು ಕಡೆ ಹೊಕ್ಕು ಎಣಿಸಿದೆವು. ೫೮, ೬೦, ೫೯, ಮತ್ತೆ ೫೯, ಸರಾಸರಿ ೫೯. ಉದ್ದ ಪನ್ನಗಳನ್ನೂ ಅಳೆದೆವು. ಆರು ಗಜ, ೪೬ ಇಂಚು, ಕರಾರಿನಂತೆಯೆ ಇದ್ದವು. ತೊಳೆದ ಸೀರೆಯಾಗಿದ್ದರೆ ಈ ಎಣಿಕೆ ಕೆಲಸಕ್ಕೆ ಬಾರದು. ನೀರು ಕಂಡ ಬಟ್ಟೆ ಕುಗ್ಗಿ, ೫೬ ಇದ್ದದ್ದೂ ೫೯ ಎಂದು ತೋರೀತು. ಇದು ನೀರು ಕಾಣದ ಸೀರೆ. ಅಪ್ಪನ ಕೈ ಕರಾರಿಗಿಂತ ಗಟ್ಟಿಯಾಗಿ ಬಡಿದಿತ್ತು, ಅಷ್ಟೆ.

ನಲವತ್ತನ್ನು ೫೬ರಿಂದ ಗುಣಿಸಿದರೆ ೨,೨೪೦. ಮೂವತ್ತೆಂಟನ್ನು ೫೯ರಿಂದ ಗುಣಿಸಿದರೆ ೨,೨೪೨.

ನಾವು ಕಂಡದ್ದು ಒಂದೆ ಸೀರೆ, ನಿಜ. ಬ್ಯಾಂಕಿನಲ್ಲಿ ಒಂದು ಚೀಟಿ ನೋಡಿ ಖಾತೆ ಮುಗಿಸಲು ನಮ್ಮನ್ನು ಬಿಡುವುದಿಲ್ಲ. ಉಳಿದ ಮೂವತ್ತೇಳನ್ನು ಯಾರು ಉಟ್ಟರೋ, ಎಂದೋ ಹರಿದು ಹೋದವೋ. ಆದರೆ ಅದೇ ಕೈ, ಅದೇ ಮಗ್ಗ, ಅದೇ ನೂಲು.

ಅವ್ವನಿಗೆ ಕೂಡಿಸಿಕೊಂಡು ಹೇಳಿದೆವು. ಗುಣಾಕಾರ ಅವಳಿಗೆ ಬೇಕಿರಲಿಲ್ಲ. “ಹಂಗಾದ್ರ ಆ ಎರಡು ಸೀರಿ ನೂಲು ಇವರಾಗs ಇತ್ತು?” ಎಂದಳು. ಹೌದು, ಮೂವತ್ತೆಂಟರಲ್ಲೂ ಹಂಚಿಹೋಗಿತ್ತು ಎಂದೆವು. ಬಹಳ ಹೊತ್ತು ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಈ ರಾಜ್ಯೋತ್ಸವಕ್ಕೆ ಉಡು ಎಂದರೆ, “ಉಟ್ರ ತೊಳಿಬೇಕಾಗತೈತಿ. ತೊಳದ್ರ ಲೆಕ್ಕಾ ಕೆಡತೈತಿ ಅಂದೆಲ್ಲಾ” ಎಂದು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟಳು.

ಎಣಿಸುವ ಗಾಜನ್ನೂ ಎರಡು ಸೂಜಿಗಳನ್ನೂ ಈ ಮೇಜಿನ ಮೇಲೆ ಇಟ್ಟಿದ್ದೇವೆ. ಚಹಾ ಆಗುವವರೆಗೆ ತಮ್ಮ ಕರವಸ್ತ್ರ, ಸೆರಗು, ಧೋತರಗಳ ಎಳೆ ಎಣಿಸಿಕೊಳ್ಳಬಹುದು. ಗುಣಿಸಿ ಕೊಡಲು ನಾವಿದ್ದೇವೆ.